ಒಂದೇ ಮಾನಿಟರ್, ಪಟ್ಟಿಯಲ್ಲಿ ಮೂರು: ಅತ್ತೆಯ ಕಂಪ್ಯೂಟರ್ ರಿಪೇರಿ

ನಮ್ಮ ಅತ್ತೆ ಮೈಸೂರಿನಲ್ಲಿ ಮನೆಯಲ್ಲೇ ಕೂತು ಕನ್ನಡ ಪುಸ್ತಕಗಳ ಕರಡು ತಿದ್ದುತ್ತಾರೆ. ಅವರದು ಸಾಧಾರಣ ಡೆಸ್ಕ್‌ಟಾಪ್. ವಿಂಡೋಸ್ 11, 8 ಜಿಬಿ ರ್‍ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಮದರ್‌ಬೋರ್ಡ್ ಹಿಂದೆ ಇರುವ ಒಂದು ಎಚ್‌ಡಿಎಂಐ ಮತ್ತು ಒಂದು ಡಿಸ್‌ಪ್ಲೇಪೋರ್ಟ್ ಅಷ್ಟೇ. ಮೇಜಿನ ಮೇಲೆ ಇರುವುದು 24 ಇಂಚಿನ ಒಂದೇ ಒಂದು ಮಾನಿಟರ್. ಆದರೆ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ತೆರೆದರೆ ಎರಡು ಚೌಕದಲ್ಲಿ ಮೂರು ಪರದೆ ಕಾಣುತ್ತಿದ್ದವು. ಮೊದಲ ಚೌಕದ ಮೇಲೆ 1 ಮತ್ತು 2 ಜೊತೆಯಾಗಿ, ಅದರ ಬಲಕ್ಕೆ ಇನ್ನೊಂದರ ಮೇಲೆ 3.

ಅತ್ತೆಗೆ ಈ ಚೌಕಗಳ ವಿಷಯ ಗೊತ್ತಿರಲಿಲ್ಲ. ಅವರು ಹೇಳಿದ್ದು ಬೇರೆ ರೀತಿ. "ಅಕ್ಷರ ಎಲ್ಲ ಅಗಲ ಅಗಲ ಕಾಣ್ತಿದೆ ಕಣೋ. ಒತ್ತು ಯಾವ್ದು, ಮಸಿ ಯಾವ್ದು ಗೊತ್ತಾಗ್ತಿಲ್ಲ. ಮೌಸ್ ಬಲಗಡೆ ಹೋದ್ರೆ ಮಾಯ. ಪ್ರಿಂಟ್ ಕೊಟ್ರೆ ಆ ಪೆಟ್ಟಿಗೆ ಬರೋದೇ ಇಲ್ಲ. ಅದೂ ಅಲ್ದೆ ಆನ್ ಮಾಡಿದ್ಮೇಲೆ ತುಂಬ ಹೊತ್ತು ಏನೂ ಮಾಡೋಕಾಗಲ್ಲ." ಇಷ್ಟನ್ನು ಕೇಳಿದರೆ ಬೇರೆ ಬೇರೆ ತೊಂದರೆಗಳ ಹಾಗೆ ಕಾಣುತ್ತದೆ. ನೋಡುತ್ತಾ ಹೋದಂತೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು.

ಹತ್ತಿರದ ಅಂಗಡಿಯವರು ವಿಂಡೋಸ್ ಪೂರ್ತಿ ತೆಗೆದು ಮತ್ತೆ ಹಾಕಬೇಕು ಅಂದಿದ್ದರಂತೆ. ನನಗೆ ಅದು ಬೇಡ ಅನ್ನಿಸಿತು. ಪರದೆಯ ಪಟ್ಟಿಯಲ್ಲಿ ಇಲ್ಲದ ಹೆಸರು ಬಂದಿದೆ ಅಂದರೆ ಅದನ್ನು ಯಾರೋ ಹೇಳಿದ್ದಾರೆ ಅಂತಲೇ ಅರ್ಥ. ವಿಂಡೋಸ್‌ಗೆ ಕಣ್ಣಿಲ್ಲ. ಒಂದು ತಂತಿಯೋ ಒಂದು ಡ್ರೈವರೋ (ಯಂತ್ರದ ಭಾಗವನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ) "ಇಲ್ಲಿ ಪರದೆ ಇದೆ" ಅಂದರೆ ನಂಬುತ್ತದೆ. ಹಾಗೆ ಹೇಳಿದವರು ಯಾರು ಅನ್ನೋದನ್ನು ಹುಡುಕಬೇಕು. ಅದು ಗೊತ್ತಾಗದೆ ಮತ್ತೆ ವಿಂಡೋಸ್ ಹಾಕಿದರೆ ಮಾರನೇ ದಿನ ಅದೇ ಕಥೆ.

ಮೊದಲು ಮಸುಕಾದ ಅಕ್ಷರ. ಅದೇ ಅತ್ತೆಯ ಹೊಟ್ಟೆಪಾಡಿನ ವಿಷಯ. ಅಡ್ವಾನ್ಸ್ಡ್ ಡಿಸ್‌ಪ್ಲೇ ಅನ್ನೋ ಪುಟದಲ್ಲಿ ಎರಡು ಸಾಲು ಇರುತ್ತವೆ, ಬಹಳ ಜನ ಅದನ್ನು ಗಮನಿಸುವುದಿಲ್ಲ. ಒಂದು ಡೆಸ್ಕ್‌ಟಾಪ್ ಮೋಡ್, ಇನ್ನೊಂದು ಆಕ್ಟಿವ್ ಸಿಗ್ನಲ್ ಮೋಡ್. ಇಲ್ಲಿ ಡೆಸ್ಕ್‌ಟಾಪ್ ಮೋಡ್ 1024×768 ಅಂತಿತ್ತು, ಸಿಗ್ನಲ್ ಮೋಡ್ 1920×1080 ಅಂತಿತ್ತು. ಅಂದರೆ ವಿಂಡೋಸ್ ಚಿಕ್ಕ ಚಿತ್ರ ಬರೆಯುತ್ತಿದೆ, ಗ್ರಾಫಿಕ್ಸ್ ಅದನ್ನು ಹಿಗ್ಗಿಸಿ ಮಾನಿಟರಿಗೆ ಕಳಿಸುತ್ತಿದೆ. ಅದೂ 4:3 ಆಕಾರವನ್ನು 16:9ಕ್ಕೆ ಎಳೆದು. ಇಂಗ್ಲಿಷ್ ಆದರೆ ಹೇಗೋ ಓದಬಹುದು. ಕನ್ನಡದಲ್ಲಿ ಅಕ್ಷರದ ಕೆಳಗೆ ಇನ್ನೊಂದು ಸಾಲಿನ ಕೆಲಸ ಇರುತ್ತದಲ್ವಾ? "ರಾಷ್ಟ್ರ" ಅಂತ ಬರೆದು ದೊಡ್ಡದು ಮಾಡಿ ನೋಡಿದೆ. ಷ ಕೆಳಗೆ ಟ ಒತ್ತು, ಅದರ ಪಕ್ಕ ರ ಒತ್ತು, ಎರಡೂ ಸೇರಿ ಒಂದೇ ಕಪ್ಪು ಕಲೆ. ಮಹಾಪ್ರಾಣದ ಅಡಿಗೀಟು ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ. ಕರಡು ತಿದ್ದುವವರಿಗೆ ಇದಕ್ಕಿಂತ ಕಷ್ಟ ಇನ್ನೇನಿದೆ? "ಧನ" ಮತ್ತು "ದನ" ಒಂದೇ ಆಗಿಬಿಡುತ್ತದೆ.

ಚಿತ್ರ ಚಿಕ್ಕದಾದದ್ದು ಯಾಕೆ ಅಂದರೆ 1 ಮತ್ತು 2 ಡ್ಯುಪ್ಲಿಕೇಟ್ ಮೋಡ್‌ನಲ್ಲಿದ್ದವು. ಎರಡು ಪರದೆಯಲ್ಲಿ ಒಂದೇ ಚಿತ್ರ ಬರಬೇಕಾದರೆ ಎರಡಕ್ಕೂ ಒಪ್ಪುವ ಅಳತೆ ಬೇಕು. ಎರಡನೆಯದು ತನಗೆ 1024×768 ಮಾತ್ರ ಸಾಕು ಅಂದಿತ್ತು, ಒಂದನೆಯದು ಅದಕ್ಕೆ ಇಳಿದಿತ್ತು. ಡ್ಯುಪ್ಲಿಕೇಟ್ ಯಾರು ಮಾಡಿದರು? ಕೀಬೋರ್ಡ್ ನೋಡಿದರೆ ಕಂಟ್ರೋಲ್ ಕೀ ಪಕ್ಕದಲ್ಲೇ ವಿಂಡೋಸ್ ಕೀ ಇದೆ. ಅತ್ತೆ ದಿನಕ್ಕೆ ಎಷ್ಟೋ ಸಲ ಪ್ರಿಂಟಿಗಾಗಿ ಕಂಟ್ರೋಲ್ ಮತ್ತು ಪಿ ಒತ್ತುತ್ತಾರೆ. ಬೆರಳು ಒಂದು ಕೀ ಜಾರಿದರೆ ಅದು ವಿಂಡೋಸ್ ಮತ್ತು ಪಿ, ಪರದೆಗಳ ಜೋಡಣೆ ಬದಲಿಸುವ ಶಾರ್ಟ್‌ಕಟ್. ಒಂದೇ ಪರದೆ ಇರುವವರಿಗೆ ಅದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಇಲ್ಲಿ ಇಲ್ಲದ ಪರದೆ ಒಂದು ಕಾದು ಕೂತಿತ್ತಲ್ಲ, ಅದಕ್ಕೆ ಹೀಗಾಯಿತು.

ಈಗ ಆ ಎರಡನೆಯದು ಯಾವುದು ಅಂತ ನೋಡಬೇಕು. ಮೇಜಿನ ಹಿಂದೆ ಟಾರ್ಚ್ ಹಿಡಿದು ನೋಡಿದೆ. ಮಾನಿಟರಿನ ತಂತಿ ಡಿಸ್‌ಪ್ಲೇಪೋರ್ಟ್‌ಗೆ ಹೋಗಿದೆ. ಎಚ್‌ಡಿಎಂಐನಲ್ಲಿ ಒಂದು ಪುಟ್ಟ ಕರಿ ಅಡಾಪ್ಟರ್ ನೇತಾಡುತ್ತಿದೆ, ಎಚ್‌ಡಿಎಂಐನಿಂದ ಹಳೇ ಮಾನಿಟರುಗಳ ವಿಜಿಎ ತಂತಿಗೆ ಬದಲಿಸುವಂಥದ್ದು. ಹಳೇ ಮಾನಿಟರ್ ಇದ್ದಾಗ ಹಾಕಿದ್ದಂತೆ. ಮಾನಿಟರ್ ಹೋಗಿದೆ, ಅಡಾಪ್ಟರ್ ಉಳಿದಿದೆ. ವಿಜಿಎ ಕಡೆಯ ಬಾಯಿ ಖಾಲಿ, ತುಂಬ ಧೂಳು.

ಕಿತ್ತು ನೋಡುವ ಮೊದಲು ಅದು ವಿಂಡೋಸ್‌ಗೆ ಏನು ಹೇಳುತ್ತಿದೆ ಅಂತ ಓದಬೇಕು ಅನ್ನಿಸಿತು. ಪ್ರತಿ ಮಾನಿಟರಿನಲ್ಲೂ ಇಡಿಐಡಿ ಅನ್ನೋ ಒಂದು ಚಿಕ್ಕ ದಾಖಲೆ ಇರುತ್ತದೆ. ಮೂಲ ದಾಖಲೆ 128 ಬೈಟ್. ತಯಾರಕರ ಗುರುತು, ತಯಾರಾದ ವಾರ, ವರ್ಷ, ಪರದೆಯ ಅಳತೆ, ಯಾವ ಯಾವ ರೆಸಲ್ಯೂಷನ್ ನಡೆಯುತ್ತದೆ, ಎಲ್ಲ ಅದರಲ್ಲಿ. ಅದು ಮಾನಿಟರಿನ ಗುರುತಿನ ಚೀಟಿ ಇದ್ದ ಹಾಗೆ. ವಿಜಿಎ ತಂತಿಯಲ್ಲಿ 12 ಮತ್ತು 15ನೇ ಪಿನ್, ಎಚ್‌ಡಿಎಂಐ ತಂತಿಯಲ್ಲಿ 15 ಮತ್ತು 16ನೇ ಪಿನ್ ಈ ದಾಖಲೆಯನ್ನು ಓದೋಕೆ ಅಂತಲೇ ಇರುವುದು. ವಿಂಡೋಸ್ ಓದಿದ್ದನ್ನು ರಿಜಿಸ್ಟ್ರಿಯಲ್ಲಿ, ಅಂದರೆ ತನ್ನ ಸೆಟ್ಟಿಂಗ್ಸ್ ಎಲ್ಲ ಇಡುವ ಕಡತದಲ್ಲಿ, ಬರೆದಿಡುತ್ತದೆ. ಲೋಕಲ್ ಮಷೀನ್ ಕೆಳಗೆ ಸಿಸ್ಟಮ್, ಕರೆಂಟ್‌ಕಂಟ್ರೋಲ್‌ಸೆಟ್, ಎನಮ್, ಡಿಸ್‌ಪ್ಲೇ ಅಂತ ಇಳಿದರೆ ಮಾನಿಟರುಗಳ ಫೋಲ್ಡರ್ ಸಿಗುತ್ತವೆ. ಒಂದೊಂದರ ಒಳಗೆ ಡಿವೈಸ್ ಪ್ಯಾರಾಮೀಟರ್ಸ್, ಅದರಲ್ಲಿ ಇಡಿಐಡಿ. ಹಿಂದೆ ಯಾವಾಗಲೋ ಹಾಕಿದ್ದ ಮಾನಿಟರುಗಳ ಹೆಸರೂ ಅಲ್ಲೇ ಉಳಿದಿರುತ್ತವೆ. ಹಾಗಾಗಿ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಮಾನಿಟರಿನ ಡೀಟೇಲ್ಸ್ ಟ್ಯಾಬ್ ತೆರೆದು, ಹಾರ್ಡ್‌ವೇರ್ ಐಡಿ ಯಾವುದು ಅಂತ ನೋಡಿಕೊಂಡು ಹೋಗಬೇಕು. ಸುಮ್ನೆ ಓದುವುದಕ್ಕೆ ಭಯ ಬೇಡ, ಅಲ್ಲಿ ಏನನ್ನೂ ಬದಲಿಸಬಾರದು ಅಷ್ಟೇ.

ಇಡಿಐಡಿ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸಾಲಿಗೆ 8 ಬೈಟಿನಂತೆ ಹೆಕ್ಸ್ ಅಂಕಿಗಳು, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಬರೆದ ಅಂಕಿಗಳು ಬರುತ್ತವೆ. ಮೊದಲ ಸಾಲು ಯಾವಾಗಲೂ ಒಂದೇ: ಸೊನ್ನೆ ಸೊನ್ನೆ, ಆಮೇಲೆ ಆರು ಸಲ ಎಫ್‌ಎಫ್, ಮತ್ತೆ ಸೊನ್ನೆ ಸೊನ್ನೆ. ನಮಗೆ ಬೇಕಾದದ್ದು ಮೂರನೇ ಸಾಲು. ಅದರಲ್ಲಿ ಮೊದಲನೆಯದು ವಾರ, ಎರಡನೆಯದು ವರ್ಷ, ಆರು ಮತ್ತು ಏಳನೆಯದು ಪರದೆಯ ಅಗಲ, ಎತ್ತರ, ಸೆಂಟಿಮೀಟರಿನಲ್ಲಿ. ವರ್ಷದ ಅಂಕಿಗೆ 1990 ಸೇರಿಸಿಕೊಳ್ಳಬೇಕು.

ನಿಜವಾದ ಮಾನಿಟರಿನ ಸಾಲಿನಲ್ಲಿ ಆರನೇ ಬೈಟ್ 35 ಅಂತಿತ್ತು. ಹೆಕ್ಸ್‌ನಲ್ಲಿ 35 ಅಂದರೆ ಮೂರು ಹದಿನಾರಲ 48, ಅದಕ್ಕೆ 5 ಸೇರಿಸಿ 53. ಏಳನೆಯದು 1ಇ, ಅಂದರೆ 16ಕ್ಕೆ 14 ಸೇರಿ 30. ಅತ್ತೆ ಹೊಲಿಗೆ ಡಬ್ಬಿಯಿಂದ ಟೇಪ್ ತಂದುಕೊಟ್ಟರು. ಪರದೆಯ ಅಗಲ 53 ಸೆಂಟಿಮೀಟರ್, ಎತ್ತರ 30ಕ್ಕೆ ಕೂದಲೆಳೆ ಕಡಿಮೆ. "ಅಯ್ಯೋ, ಇದು ಅದಕ್ಕೆ ಹೇಗೆ ಗೊತ್ತು?" ಅಂತ ಅತ್ತೆಗೆ ಆಶ್ಚರ್ಯ. ಮಾನಿಟರೇ ಹೇಳಿದೆ ಅತ್ತೆ, ಆ ತಂತಿಯ ಒಳಗೆ ಬರೆದು ಕಳಿಸಿದೆ ಅಂದೆ.

ಎರಡನೆಯದರ ಮೂರನೇ ಸಾಲು ನೋಡಿದರೆ ವರ್ಷದ ಜಾಗದಲ್ಲಿ 18. ಹೆಕ್ಸ್‌ನ 18 ಅಂದರೆ 24, ಅಲ್ಲಿಗೆ 2014. ಅಗಲ ಸೊನ್ನೆ. ಎತ್ತರವೂ ಸೊನ್ನೆ. ಪ್ರೊಜೆಕ್ಟರುಗಳೂ ಹೀಗೆ ಸೊನ್ನೆ ಬರೆಯುವುದುಂಟು, ಯಾಕೆಂದರೆ ಅವುಗಳ ಪರದೆಗೆ ನಿಗದಿ ಅಳತೆ ಇಲ್ಲ. ಅತ್ತೆ ಮನೆಯಲ್ಲಿ ಪ್ರೊಜೆಕ್ಟರ್ ಇಲ್ಲವಲ್ಲ. ಆ ದಾಖಲೆ ಬಂದದ್ದು ಅಡಾಪ್ಟರಿನ ಒಳಗಿನ ಚಿಪ್‌ನಿಂದ. ಎಚ್‌ಡಿಎಂಐನ 18ನೇ ಪಿನ್ 5 ವೋಲ್ಟ್ ಕೊಡುತ್ತದೆ, ಅಡಾಪ್ಟರಿಗೆ ಜೀವ ಬರಲು ಅಷ್ಟು ಸಾಕು. 19ನೇ ಪಿನ್ ಹಾಟ್ ಪ್ಲಗ್ ಡಿಟೆಕ್ಟ್. ಆ ತುದಿಯಲ್ಲಿ ಏನೋ ಸಿಕ್ಕಿಸಿದ್ದಾರೆ ಅಂತ ತಿಳಿಸುವುದು ಅದರ ಕೆಲಸ. ಒಳ್ಳೆಯ ಅಡಾಪ್ಟರ್ ಆದರೆ ವಿಜಿಎ ಕಡೆ ಮಾನಿಟರ್ ಇದ್ದಾಗ ಮಾತ್ರ ಆ ಪಿನ್ ಎತ್ತುತ್ತದೆ, ಮಾನಿಟರಿನ ಇಡಿಐಡಿಯನ್ನೇ ಮುಂದಕ್ಕೆ ದಾಟಿಸುತ್ತದೆ. ಇದು ಹಾಗಲ್ಲ. ಕರೆಂಟ್ ಸಿಕ್ಕಿದ ಕೂಡಲೇ ಪಿನ್ ಎತ್ತಿ, ತನ್ನ ಹತ್ತಿರ ಇರುವ ದಾಖಲೆಯನ್ನು ಕೊಟ್ಟು ಕೂತುಬಿಡುತ್ತದೆ. ಮುಂದೆ ಮಾನಿಟರ್ ಇದೆಯೋ ಇಲ್ಲವೋ ಅದಕ್ಕೆ ಬೇಕಿಲ್ಲ.

ಇಷ್ಟು ಗೊತ್ತಾದ ಮೇಲೆ ಕಿತ್ತೆ. ಮಷೀನ್ ಆಫ್ ಮಾಡಬೇಕಿಲ್ಲ, ಓಡುತ್ತಿರುವಾಗಲೇ ತೆಗೆಯಬಹುದು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬಂದಾಗ 1920×1080ಕ್ಕೆ ತಾನೇ ಹೋಗಿತ್ತು. "ರಾಷ್ಟ್ರ"ದ ಒತ್ತುಗಳು ಬಿಡಿಬಿಡಿಯಾಗಿ ಕಂಡವು. ಅತ್ತೆ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು.

ಉಳಿದದ್ದು 3 ಅನ್ನೋ ಚೌಕ. ಇದು ಬೇರೆ ಜಾತಿ. ಹಿಂದೆ ಇನ್ನೊಂದು ತಂತಿ ಇಲ್ಲ, ಕಿತ್ತು ಬಿಸಾಕೋಣ ಅಂದರೆ ಕೈಗೆ ಸಿಗುವಂಥದ್ದೇನೂ ಇಲ್ಲ. ಮೌಸ್ ಬಲಗಡೆ ಮಾಯವಾಗುತ್ತಿದ್ದದ್ದು ಇದರೊಳಕ್ಕೆ. ಪ್ರಿಂಟ್ ಪೆಟ್ಟಿಗೆ ತೆರೆಯುತ್ತಿದ್ದದ್ದೂ ಅಲ್ಲೇ. ಇಂಥ ಹೊತ್ತಿನಲ್ಲಿ ಕಿಟಕಿಯನ್ನು ಈಚೆಗೆ ತರಲು ವಿಂಡೋಸ್, ಶಿಫ್ಟ್ ಒತ್ತಿಕೊಂಡು ಎಡ ಬಾಣ ಒತ್ತಿದರೆ ಸಾಕು. ಅದು ಕೇಳದಿದ್ದರೆ ಆಲ್ಟ್ ಮತ್ತು ಸ್ಪೇಸ್ ಒತ್ತಿ, ಎಂ ಒತ್ತಿ, ಬಾಣದ ಕೀಲಿಯಿಂದ ಎಳೆದು ತರಬಹುದು. ಅತ್ತೆಗೆ ಮೊದಲು ಇದನ್ನು ಹೇಳಿಕೊಟ್ಟೆ. ರಿಪೇರಿ ಮುಗಿಯುವ ತನಕ ಅವರ ಕೆಲಸ ನಿಲ್ಲಬಾರದಲ್ವಾ.

ಸೆಟ್ಟಿಂಗ್ಸ್‌ನಲ್ಲಿ ಮೂರನೆಯದನ್ನು ಆರಿಸಿ ಡಿಸ್‌ಕನೆಕ್ಟ್ ಅಂದೆ. ಹೋಯಿತು. ರೀಸ್ಟಾರ್ಟ್ ಮಾಡಿ ಕಾದೆ. ಮೊದಲು ಇರಲಿಲ್ಲ. ಅತ್ತೆ ಕಾಫಿ ತಂದಿಡುವಷ್ಟರಲ್ಲಿ ಪರದೆ ಒಂದು ಕ್ಷಣ ಮಿಟುಕಿತು, 3 ವಾಪಸ್ ಬಂದಿತ್ತು. ನನಗೆ ಬೇಕಾಗಿದ್ದ ಸುಳಿವು ಈ ತಡವೇ. ಪರದೆಯ ಡ್ರೈವರ್ ಸಾಮಾನ್ಯವಾಗಿ ವಿಂಡೋಸ್ ಏಳುವಾಗಲೇ ಬರುತ್ತದೆ. ಎದ್ದು ಎರಡು ನಿಮಿಷ ಕಳೆದ ಮೇಲೆ ಬರುತ್ತಿದೆ ಅಂದರೆ ಹಿಂದಿನಿಂದ ಯಾರೋ ತಂದು ನಿಲ್ಲಿಸುತ್ತಿದ್ದಾರೆ.

ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಬಿಚ್ಚಿದೆ. ಗ್ರಾಫಿಕ್ಸ್ ಕಾರ್ಡೇ ಇಲ್ಲದ ಮಷೀನಿನಲ್ಲಿ ಎರಡು ಹೆಸರು. ಒಂದು ಪ್ರೊಸೆಸರ್ ಒಳಗಿನದು. ಇನ್ನೊಂದರ ಹೆಸರಿನಲ್ಲೇ ವರ್ಚುವಲ್ ಅಂತ ಇತ್ತು. ವಿಂಡೋಸ್ 10ರ 1607 ಆವೃತ್ತಿಯಿಂದ ಇಂಡೈರೆಕ್ಟ್ ಡಿಸ್‌ಪ್ಲೇ ಡ್ರೈವರ್ ಅನ್ನೋ ಒಂದು ದಾರಿ ಇದೆ. ಯಾವುದೇ ತಂತ್ರಾಂಶ ಅದರ ಮೂಲಕ, ತಂತಿಯೇ ಇಲ್ಲದೆ, ಒಂದು ಪರದೆಯನ್ನು ಸೃಷ್ಟಿ ಮಾಡಬಹುದು. ಟ್ಯಾಬ್ಲೆಟ್ಟನ್ನು ಎರಡನೇ ಪರದೆ ಮಾಡಿಕೊಳ್ಳುವುದಕ್ಕೆ, ಯುಎಸ್‌ಬಿ ಮೂಲಕ ಮಾನಿಟರ್ ಹಾಕುವುದಕ್ಕೆ, ಮಾನಿಟರ್ ಆಫ್ ಇದ್ದಾಗಲೂ ದೂರದಿಂದ ಕೆಲಸ ಮಾಡುವುದಕ್ಕೆ ಇದು ಬೇಕಾಗುತ್ತದೆ. ಒಳ್ಳೆಯ ಸೌಲಭ್ಯವೇ. ಬೇಡದ ಕಡೆ ಇದ್ದರೆ ಮಾತ್ರ ಹೀಗೆ ಕಾಟ.

ಅದರ ಪ್ರಾಪರ್ಟೀಸ್‌ನಲ್ಲಿ ಈವೆಂಟ್ಸ್ ಟ್ಯಾಬ್ ತೆರೆದರೆ ಡಿವೈಸ್ ಯಾವಾಗ ಶುರುವಾಯಿತು ಅಂತ ಸಮಯದ ಸಮೇತ ಬರೆದಿರುತ್ತದೆ. ಮಷೀನ್ ಯಾವಾಗ ಎದ್ದಿತು ಅಂತ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್‌ನಲ್ಲಿ ಅಪ್‌ಟೈಮ್ ನೋಡಿ ಲೆಕ್ಕ ಹಾಕಬಹುದು. ಎರಡರ ನಡುವೆ ಎರಡು ನಿಮಿಷ ಚಿಲ್ಲರೆ.

ಇಲ್ಲೊಂದು ವಿಷಯ ಹೇಳಲೇಬೇಕು. ರೀಸ್ಟಾರ್ಟ್ ಮಾಡುವ ಮೊದಲು ಇದೇ ಅಪ್‌ಟೈಮ್ ನೋಡಿದಾಗ ವಾರಗಟ್ಟಲೆ ತೋರಿಸುತ್ತಿತ್ತು. ಅತ್ತೆಯಾದರೋ ರಾತ್ರಿ ತಪ್ಪದೆ ಶಟ್‌ಡೌನ್ ಮಾಡಿ ಸ್ವಿಚ್ ಆರಿಸಿ ಮಲಗುವವರು. ಇದು ಫಾಸ್ಟ್ ಸ್ಟಾರ್ಟಪ್ ಕೆಲಸ. ವಿಂಡೋಸ್ 8ರಲ್ಲಿ, ಅಂದರೆ 2012ರಲ್ಲಿ ಬಂದದ್ದು. ಶಟ್‌ಡೌನ್ ಅಂದಾಗ ನಿಮ್ಮ ಲಾಗಿನ್ ಮಾತ್ರ ಮುಚ್ಚುತ್ತದೆ, ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರುಗಳ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಬರುತ್ತದೆ. ಹಾಗಾಗಿ "ಆಫ್ ಮಾಡಿ ಆನ್ ಮಾಡಿದೆ, ಆದರೂ ಸರಿಯಾಗಲಿಲ್ಲ" ಅನ್ನೋರು ನಿಜವಾಗಿ ಆಫ್ ಮಾಡಿಯೇ ಇರುವುದಿಲ್ಲ. ಪರದೆ, ಡ್ರೈವರ್, ಸರ್ವಿಸ್ (ಕಿಟಕಿ ಇಲ್ಲದೆ ಹಿಂದೆ ಓಡುವ ತಂತ್ರಾಂಶ) ಇವುಗಳ ವಿಷಯದಲ್ಲಿ ಪರೀಕ್ಷೆ ಮಾಡುವಾಗ ರೀಸ್ಟಾರ್ಟನ್ನೇ ಒತ್ತಬೇಕು, ಅದು ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತದೆ. ಶಿಫ್ಟ್ ಹಿಡಿದುಕೊಂಡು ಶಟ್‌ಡೌನ್ ಒತ್ತಿದರೂ ಪೂರ್ತಿ ಆಫ್ ಆಗುತ್ತದೆ.

ಎರಡು ನಿಮಿಷದ ಲೆಕ್ಕಕ್ಕೆ ಬರೋಣ. ಸರ್ವಿಸ್‌ಗಳು ಶುರುವಾಗುವ ರೀತಿಯಲ್ಲಿ ಆಟೋಮ್ಯಾಟಿಕ್ ಅಂತ ಒಂದಿದೆ, ಆಟೋಮ್ಯಾಟಿಕ್ ಡಿಲೇಡ್ ಸ್ಟಾರ್ಟ್ ಅಂತ ಇನ್ನೊಂದಿದೆ. ಎರಡನೆಯದು ಉಳಿದ ಆಟೋಮ್ಯಾಟಿಕ್ ಸರ್ವಿಸ್‌ಗಳೆಲ್ಲ ಎದ್ದ ಮೇಲೆ ಮಾಮೂಲಾಗಿ 120 ಸೆಕೆಂಡ್ ಕಾದು ಶುರುವಾಗುತ್ತದೆ. ವಿಂಡೋಸ್ ಬೇಗ ಏಳಲಿ ಅಂತ ವಿಸ್ತಾ ಕಾಲದಿಂದ ಇರುವ ವ್ಯವಸ್ಥೆ. ಸರ್ವಿಸಸ್ ಕಿಟಕಿಯಲ್ಲಿ ಸ್ಟಾರ್ಟಪ್ ಟೈಪ್ ಕಾಲಮ್ ಮೇಲೆ ಕ್ಲಿಕ್ ಮಾಡಿದೆ, ಡಿಲೇಡ್ ಆಗಿರುವವೆಲ್ಲ ಒಟ್ಟಿಗೆ ಬಂದವು. ಬಹುಪಾಲು ವಿಂಡೋಸ್‌ನವು. ಉಳಿದವುಗಳಲ್ಲಿ ಕೆಲವು ಬ್ರೌಸರ್ ಅಪ್‌ಡೇಟ್ ನೋಡುವಂಥವು. ಒಂದು ಮಾತ್ರ ವಿವರಣೆಯ ಜಾಗ ಖಾಲಿ ಬಿಟ್ಟು ಕೂತಿತ್ತು. ಪ್ರಾಪರ್ಟೀಸ್ ತೆರೆದರೆ ಅದರ ಫೈಲ್ ಇರುವ ಫೋಲ್ಡರ್ ದಾರಿ ಕಾಣುತ್ತದೆ. ಒಂದು ಉಚಿತ ರಿಮೋಟ್ ತಂತ್ರಾಂಶದ ಫೋಲ್ಡರ್ ಅದು. ಒಳಗೆ ಹೋಗಿ ನೋಡಿದರೆ ವರ್ಚುವಲ್ ಪರದೆಯ ಡ್ರೈವರ್ ಫೈಲುಗಳ ಒಂದು ಪ್ರತಿ ಅಲ್ಲೇ ಇತ್ತು.

ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ 7045 ಅನ್ನೋ ನಂಬರಿನ ದಾಖಲೆ ಹುಡುಕಿದರೆ ಹೊಸ ಸರ್ವಿಸ್ ಯಾವತ್ತು ಸೇರಿಕೊಂಡಿತು ಅಂತ ಸಿಗುತ್ತದೆ. ತಾರೀಖು ನೋಡಿ ಅತ್ತೆಗೆ ಹೇಳಿದೆ. "ಅದಾ, ದಸರಾ ರಜಕ್ಕೆ ಅವನು ಬಂದಿದ್ದ. ಅಮ್ಮ, ಪುಣೆಯಿಂದಲೇ ನಿನ್ನ ಕಂಪ್ಯೂಟರ್ ಸರಿ ಮಾಡ್ಬಹುದು ಅಂತ ಏನೋ ಹಾಕ್ಕೊಟ್ಟು ಹೋದ." ಅಮ್ಮನಿಗೆ ದೂರದಿಂದ ಸಹಾಯ ಮಾಡಬೇಕು ಅಂತ ಮಗ ಮಾಡಿದ ಕೆಲಸ. ಅದು ಸರಿಯಾದ ಕೆಲಸವೇ. ಆ ತಂತ್ರಾಂಶ ತನ್ನ ಜೊತೆ ಒಂದು ಪರದೆಯನ್ನೂ ತಂದು ಕೂರಿಸುತ್ತದೆ ಅಂತ ಹಾಕುವಾಗ ಎಲ್ಲೂ ದೊಡ್ಡದಾಗಿ ಹೇಳಿರಲಿಲ್ಲ.

ತೆಗೆಯುವ ಮುಂಚೆ ಅದು ಹೇಗೆ ವಾಪಸ್ ಬರುತ್ತದೆ ಅಂತ ನೋಡಿಕೊಂಡೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಂಡ್ ಟಾಸ್ಕ್ ಕೊಟ್ಟರೆ ಒಂದು ನಿಮಿಷದಲ್ಲಿ ಮತ್ತೆ ಹಾಜರ್. ಕಾರಣ ಸರ್ವಿಸ್‌ನ ರಿಕವರಿ ಟ್ಯಾಬ್‌ನಲ್ಲಿದೆ. ಮೊದಲ ಸಲ ಬಿದ್ದರೆ ರೀಸ್ಟಾರ್ಟ್, ಎರಡನೇ ಸಲವೂ ರೀಸ್ಟಾರ್ಟ್, ಆಮೇಲೂ ರೀಸ್ಟಾರ್ಟ್, ಒಂದು ನಿಮಿಷ ಬಿಟ್ಟು. ನಾವು ಟಾಸ್ಕ್ ಕೊಂದರೆ ವಿಂಡೋಸ್ ಅದನ್ನು ಸರ್ವಿಸ್ ತಾನಾಗಿ ಬಿದ್ದುಹೋಯಿತು ಅಂತ ತಿಳಿದುಕೊಳ್ಳುತ್ತದೆ. ಸರ್ವಿಸಸ್ ಕಿಟಕಿಯಿಂದ ಸ್ಟಾಪ್ ಕೊಟ್ಟರೆ ಮಾತ್ರ ಬೇಕಂತಲೇ ನಿಲ್ಲಿಸಿದ್ದು ಅಂತ ಲೆಕ್ಕ, ಆಗ ಸುಮ್ಮನಿರುತ್ತದೆ. ಇನ್ನು ಡಿವೈಸ್ ಮ್ಯಾನೇಜರ್‌ನಲ್ಲಿ ಬರೀ ಪರದೆಯನ್ನು ಅನ್‌ಇನ್‌ಸ್ಟಾಲ್ ಮಾಡಿದರೆ, ಮುಂದಿನ ಸಲ ಸರ್ವಿಸ್ ಎದ್ದಾಗ ತನ್ನ ಫೋಲ್ಡರಿನಲ್ಲಿರುವ ಪ್ರತಿಯಿಂದ ಮತ್ತೆ ಹಾಕಿಬಿಡುತ್ತದೆ. ಜನ ಡ್ರೈವರ್ ತೆಗೆದೂ ತೆಗೆದೂ ಸಾಕಾಗುವುದು ಇದಕ್ಕೇ. ಪರದೆ ಕಾಣುವ ಜಾಗವೇ ಬೇರೆ, ಅದನ್ನು ನಡೆಸುವವರು ಇರುವ ಜಾಗವೇ ಬೇರೆ.

ಆದ್ದರಿಂದ ಕ್ರಮ ಮುಖ್ಯ. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಮೊದಲು ರಿಸ್ಟೋರ್ ಪಾಯಿಂಟ್ ಇಟ್ಟೆ. ಸರ್ವಿಸ್ ಸ್ಟಾಪ್ ಮಾಡಿದೆ. ಆಮೇಲೆ ಸೆಟ್ಟಿಂಗ್ಸ್‌ನ ಆ್ಯಪ್ಸ್‌ನಿಂದ ಆ ತಂತ್ರಾಂಶವನ್ನೇ ತೆಗೆದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ವರ್ಚುವಲ್ ಅಡಾಪ್ಟರ್ ಇನ್ನೂ ಇತ್ತು. ಅದನ್ನು ಅನ್‌ಇನ್‌ಸ್ಟಾಲ್ ಮಾಡುವಾಗ ಡ್ರೈವರನ್ನೂ ತೆಗೆಯಲಾ ಅಂತ ಒಂದು ಚೌಕ ಬರುತ್ತದೆ, ಅದಕ್ಕೆ ಟಿಕ್ ಹಾಕಬೇಕು. ಹಾಕದಿದ್ದರೆ ಡ್ರೈವರ್ ವಿಂಡೋಸ್‌ನ ಸಂಗ್ರಹದಲ್ಲೇ ಉಳಿಯುತ್ತದೆ. ನಂತರ ವ್ಯೂ ಮೆನುವಿನಲ್ಲಿ ಶೋ ಹಿಡನ್ ಡಿವೈಸಸ್ ಆನ್ ಮಾಡಿದೆ. ಮಾನಿಟರ್ಸ್ ಕೆಳಗೆ ಮಂಕಾಗಿ ಕಾಣುವ ಹೆಸರುಗಳು ಹಿಂದೆ ಇದ್ದು ಈಗಿಲ್ಲದವು. ಹಳೇ ವಿಜಿಎ ಮಾನಿಟರ್, ಅಡಾಪ್ಟರ್, ವರ್ಚುವಲ್ ಪರದೆ, ಎಲ್ಲ ಸಾಲಾಗಿದ್ದವು. ಮಂಕಾದವನ್ನು ತೆಗೆದೆ. ರೀಸ್ಟಾರ್ಟ್ ಮಾಡಿ, ಈ ಸಲ ಎರಡು ನಿಮಿಷಕ್ಕಿಂತ ಜಾಸ್ತಿಯೇ ಕಾದೆ. ಪರದೆ ಮಿಟುಕಲಿಲ್ಲ. ಮೌಸ್ ಬಲ ಅಂಚಿಗೆ ಹೋಗಿ ನಿಂತಿತು. ಕಂಟ್ರೋಲ್ ಮತ್ತು ಪಿ ಒತ್ತಿದರೆ ಪ್ರಿಂಟ್ ಪೆಟ್ಟಿಗೆ ನಡುಪರದೆಯಲ್ಲಿ ಬಂತು.

ಇದರಿಂದಲೂ ಸರಿಹೋಗದಿದ್ದವರಿಗೆ ಇನ್ನೊಂದು ಜಾಗ ಇದೆ. ರಿಜಿಸ್ಟ್ರಿಯಲ್ಲಿ ಕರೆಂಟ್‌ಕಂಟ್ರೋಲ್‌ಸೆಟ್ ಒಳಗೆ ಕಂಟ್ರೋಲ್, ಅದರೊಳಗೆ ಗ್ರಾಫಿಕ್ಸ್‌ಡ್ರೈವರ್ಸ್. ಅಲ್ಲಿ ಕಾನ್ಫಿಗರೇಷನ್ ಮತ್ತು ಕನೆಕ್ಟಿವಿಟಿ ಅಂತ ಎರಡು ಇರುತ್ತವೆ. ಯಾವ ಯಾವ ಪರದೆಗಳು ಒಟ್ಟಿಗೆ ಇದ್ದಾಗ ಹೇಗೆ ಜೋಡಿಸಬೇಕು ಅಂತ ವಿಂಡೋಸ್ ನೆನಪಿಟ್ಟುಕೊಳ್ಳುವುದು ಅಲ್ಲಿ. ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು ಅವುಗಳ ಒಳಗಿನದನ್ನು ಅಳಿಸಿ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಮತ್ತೆ ಹೊಸದಾಗಿ ಬರೆದುಕೊಳ್ಳುತ್ತದೆ. ಇಲ್ಲಿ ಅದರ ಅಗತ್ಯ ಬರಲಿಲ್ಲ. ಅದು ಕೊನೆಯ ದಾರಿ ಆಗಿರಲಿ.

ಇನ್ನು ಆನ್ ಮಾಡಿದ ಮೇಲೆ ತುಂಬ ಹೊತ್ತು ತೆವಳುವ ವಿಷಯ. ಇಂಟರ್‌ನೆಟ್ಟಿನಲ್ಲಿ "ಈ ಸರ್ವಿಸ್‌ಗಳನ್ನೆಲ್ಲ ಬಂದ್ ಮಾಡಿ, ಕಂಪ್ಯೂಟರ್ ಓಡುತ್ತದೆ" ಅನ್ನೋ ಉದ್ದುದ್ದ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ದಯವಿಟ್ಟು ಅವನ್ನು ಕಣ್ಣು ಮುಚ್ಚಿ ಮಾಡಬೇಡಿ. ಉದಾಹರಣೆಗೆ ಡಿಸ್‌ಪ್ಲೇ ಪಾಲಿಸಿ ಸರ್ವಿಸ್ ಅಂತ ಒಂದಿದೆ. ಪರದೆಯ ತೊಂದರೆ ಇರುವವರು ಅದರ ಹೆಸರು ನೋಡಿ ಇದೇ ಕಳ್ಳ ಅಂದುಕೊಂಡು ಬಂದ್ ಮಾಡಬಹುದು. ಪರದೆಗಳ ಜೋಡಣೆ ನೋಡಿಕೊಳ್ಳುವುದೇ ಅದು. ಡಿಸ್‌ಪ್ಲೇ ಎನ್‌ಹಾನ್ಸ್‌ಮೆಂಟ್ ಸರ್ವಿಸ್ ಬೆಳಕು ಹೆಚ್ಚು ಕಡಿಮೆ ಮಾಡುವಂಥ ಕೆಲಸಕ್ಕೆ ಬೇಕು.

ಜನ ಹೆದರುವ ಇನ್ನೆರಡು ವಿಷಯ ಇವೆ. ಟಾಸ್ಕ್ ಮ್ಯಾನೇಜರ್ ತುಂಬ ಸರ್ವಿಸ್ ಹೋಸ್ಟ್ ಅನ್ನೋ ಒಂದೇ ಹೆಸರು ಹತ್ತಾರು ಸಲ ಇರುತ್ತದೆ. ವೈರಸ್ ಅಲ್ಲ. ಮೊದಲು ಹಲವು ಸರ್ವಿಸ್‌ಗಳು ಒಂದೇ ಪ್ರೊಸೆಸ್‌ನಲ್ಲಿ ಕೂಡಿ ಇರುತ್ತಿದ್ದವು. ವಿಂಡೋಸ್ 10ರ 1703 ಆವೃತ್ತಿಯಿಂದ, 3.5 ಜಿಬಿಗಿಂತ ಜಾಸ್ತಿ ರ್‍ಯಾಮ್ ಇದ್ದರೆ ಅವನ್ನು ಬೇರೆ ಬೇರೆ ಮಾಡಿದ್ದಾರೆ. ಒಂದು ಬಿದ್ದರೆ ಉಳಿದವೂ ಬೀಳಬಾರದು ಅಂತ. ಇನ್ನು ಕೆಲವು ಸರ್ವಿಸ್ ಪಟ್ಟಿಯಲ್ಲಿ ಜೋಡಿಯಾಗಿ ಕಾಣುತ್ತವೆ. ಹೆಸರಿನ ಬಾಲಕ್ಕೆ ಒಂದು ಅಂಡರ್‌ಸ್ಕೋರ್, ಆಮೇಲೆ ಅರ್ಥವಾಗದ ಅಕ್ಷರ ಅಂಕಿ. ಅವು ಪ್ರತಿ ಬಳಕೆದಾರರಿಗೆ ಬೇರೆಯಾಗಿ ಹುಟ್ಟುವ ಸರ್ವಿಸ್‌ಗಳು. ಲಾಗಿನ್ ಆದಾಗ ಹುಟ್ಟುತ್ತವೆ, ಲಾಗೌಟ್ ಆದಾಗ ಹೋಗುತ್ತವೆ, ಮುಂದಿನ ಸಲ ಬಾಲ ಬೇರೆ ಆಗಿರುತ್ತದೆ. ಅವನ್ನು ಅವುಗಳ ಪಾಡಿಗೆ ಬಿಡಬೇಕು.

ನಾನು ಮಾಡಿದ್ದು ಹೀಗೆ. ವಿಂಡೋಸ್ ಏಳುವಾಗ ಏನೇನು ಶುರುವಾಗಬೇಕು ಅಂತ ಹೊಂದಿಸಲು ಎಂಎಸ್‌ಕಾನ್ಫಿಗ್ ಅಂತ ಒಂದಿದೆ. ಎಂಎಸ್‌ಕಾನ್ಫಿಗ್ ತೆರೆದು, ಸರ್ವಿಸಸ್ ಟ್ಯಾಬ್‌ನಲ್ಲಿ ಮೈಕ್ರೋಸಾಫ್ಟ್ ಸರ್ವಿಸ್‌ಗಳನ್ನು ಮರೆಮಾಡು ಅನ್ನೋ ಚೌಕಕ್ಕೆ ಮೊದಲು ಟಿಕ್ ಹಾಕಿದೆ. ಇದನ್ನು ಮರೆತು ಎಲ್ಲ ಬಂದ್ ಮಾಡಿದರೆ ಅನಾಹುತ. ಉಳಿದವುಗಳಲ್ಲಿ ಅರ್ಧ ಬಂದ್, ಅರ್ಧ ಚಾಲೂ. ರೀಸ್ಟಾರ್ಟ್ ಮಾಡಿ ನೋಡುವುದು. ತೆವಳುವುದು ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧ ಮಾಡುವುದು. ಬೇಗ ಸಿಕ್ಕಿತು. ಅತ್ತೆ ಯಾವತ್ತೋ ಕೊಟ್ಟುಬಿಟ್ಟಿದ್ದ ಹಳೇ ಪ್ರಿಂಟರಿನ ಸಹಾಯಕ ಸರ್ವಿಸ್ ಒಂದು, ಇಲ್ಲದ ಪ್ರಿಂಟರನ್ನು ನೆಟ್‌ವರ್ಕಿನಲ್ಲಿ ಹುಡುಕುತ್ತಾ ಇತ್ತು. ಅದಕ್ಕಿಂತ ಭಾರದ್ದು ಇನ್ನೊಂದು. ಎರಡು ಬೇರೆ ಬೇರೆ ಬ್ಯಾಕಪ್ ತಂತ್ರಾಂಶ ಕರಡುಗಳ ಒಂದೇ ಫೋಲ್ಡರನ್ನು ಕಾಯುತ್ತಿದ್ದವು. ಒಂದು ಅಲ್ಲಿ ತನ್ನ ಗುರುತಿನ ಫೈಲ್ ಬರೆಯುತ್ತದೆ, ಇನ್ನೊಂದು ಅದನ್ನು ಹೊಸ ಫೈಲ್ ಅಂತ ಎತ್ತಿಕೊಳ್ಳುತ್ತದೆ, ಅದು ಬರೆದ ಫೈಲನ್ನು ಮೊದಲನೆಯದು ಎತ್ತಿಕೊಳ್ಳುತ್ತದೆ. ರಿಸೋರ್ಸ್ ಮಾನಿಟರ್‌ನ ಡಿಸ್ಕ್ ಟ್ಯಾಬ್‌ನಲ್ಲಿ ಆ ಫೋಲ್ಡರಿನ ಹೆಸರೇ ಮೇಲಿಂದ ಕೆಳಗೆ ತುಂಬಿತ್ತು. ಅತ್ತೆಯ ಮಷೀನಿನಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದೆ, ಅದಕ್ಕೆ ಇಷ್ಟು ಕೆಲಸ ಕೊಟ್ಟರೆ 100 ಪರ್ಸೆಂಟಿನಿಂದ ಕೆಳಗಿಳಿಯುವುದೇ ಇಲ್ಲ. ಕರಡುಗಳಿಗೆ ಬ್ಯಾಕಪ್ ಬೇಕೇ ಬೇಕು. ಅತ್ತೆಗೆ ಯಾವುದು ರೂಢಿಯೋ ಅದನ್ನು ಇಟ್ಟು, ಅದರಿಂದ ಒಂದು ಹಳೇ ಫೈಲ್ ವಾಪಸ್ ತೆಗೆದು ನೋಡಿ ಖಾತ್ರಿ ಆದ ಮೇಲೆ ಇನ್ನೊಂದನ್ನೂ ಆ ಪ್ರಿಂಟರ್ ಸರ್ವಿಸನ್ನೂ ತೆಗೆದೆ. ಕೊನೆಗೆ ಎಂಎಸ್‌ಕಾನ್ಫಿಗ್‌ನಲ್ಲಿ ಮತ್ತೆ ನಾರ್ಮಲ್ ಸ್ಟಾರ್ಟಪ್‌ಗೆ ಬಂದೆ. ಸಿಸ್‌ಮೈನ್, ವಿಂಡೋಸ್ ಸರ್ಚ್ ಅನ್ನೋ ವಿಂಡೋಸ್‌ನದೇ ಸರ್ವಿಸ್‌ಗಳನ್ನು ಮುಟ್ಟಲಿಲ್ಲ. ಸಾವಿರಾರು ಕರಡುಗಳ ನಡುವೆ ಒಂದು ಪದ ಹುಡುಕಲು ಅತ್ತೆಗೆ ಆ ಸರ್ಚ್ ಬೇಕು.

ಪುಣೆಗೆ ಫೋನ್ ಮಾಡಿ ವಿಷಯ ತಿಳಿಸಿದೆ. "ಭಾವ, ಹಾಗಾದ್ರೆ ಅಮ್ಮಂಗೆ ಏನಾದ್ರೂ ಆದ್ರೆ ನಾನು ನೋಡೋದು ಹೇಗೆ?" ಅಂದ. ವಿಂಡೋಸ್‌ನಲ್ಲೇ ಕ್ವಿಕ್ ಅಸಿಸ್ಟ್ ಅಂತ ಇದೆ. ಕಂಟ್ರೋಲ್, ವಿಂಡೋಸ್, ಕ್ಯೂ ಒಟ್ಟಿಗೆ ಒತ್ತಿದರೆ ತೆರೆಯುತ್ತದೆ. ಸಹಾಯ ಮಾಡುವವರು ತಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಒಂದು ಕೋಡ್ ಪಡೆದು ಹೇಳಬೇಕು, ಈ ಕಡೆಯವರು ಅದನ್ನು ಹಾಕಿ ಒಪ್ಪಿಗೆ ಕೊಡಬೇಕು. ಅತ್ತೆ ತೆರೆದಾಗ ಮಾತ್ರ ಬಾಗಿಲು ತೆರೆಯುತ್ತದೆ. ಅವನು ಅಲ್ಲಿಂದಲೇ ಕೋಡ್ ಹೇಳಿದ, ಅತ್ತೆ ಒಂದೊಂದೇ ಅಕ್ಷರ ಒತ್ತಿದರು. ಅವನು ಒಳಗೆ ಬಂದು ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ನೋಡಿದ, ಒಂದೇ ಚೌಕ ಇತ್ತು.

ಆ ಕರಿ ಅಡಾಪ್ಟರನ್ನು ಎಸೆಯಲಿಲ್ಲ. ಮಾನಿಟರ್ ಇಲ್ಲದೆ ಮೂಲೆಯಲ್ಲಿ ಓಡುವ ಮಷೀನುಗಳಿಗೆ ಜನ ಡಮ್ಮಿ ಪ್ಲಗ್ ಅಂತ ದುಡ್ಡು ಕೊಟ್ಟು ತರುತ್ತಾರೆ. ಪರದೆ ಇದೆ ಅಂತ ಹೇಳಿ ಸುಮ್ಮನೆ ಕೂರುವುದೇ ಅದರ ಕೆಲಸ. ಇದು ಅದನ್ನೇ ಮಾಡುತ್ತಿದೆ, ಬರೀ 1024×768ಕ್ಕೆ. "ವಿಜಿಎ ಕಡೆ ಖಾಲಿ ಇದ್ದರೂ ಮಾನಿಟರ್ ಇದೆ ಅನ್ನುತ್ತದೆ" ಅಂತ ಒಂದು ಚೀಟಿಯಲ್ಲಿ ಬರೆದು ಅದಕ್ಕೆ ಸುತ್ತಿ ನನ್ನ ಡಬ್ಬಿಗೆ ಹಾಕಿಕೊಂಡೆ.